ಹೆಡ್‌ಸೆಟ್ ಮೈಕ್ ಕೆಲಸ ಮಾಡದ ಲ್ಯಾಪ್‌ಟಾಪಿನಲ್ಲಿ ಕೊಡೆಕ್ ಪಿನ್ ತಿದ್ದುವ ಬಗೆ

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗಳು ಮನೆಯಲ್ಲಿ ಕುಳಿತೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಮೈಸೂರಿನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪೊಂದಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟ ಮರುದಿನವೇ ಅವಳ ಫೋನ್ ಬಂತು: “ಮಾವ, ಮಕ್ಕಳ ಮಾತು ನನಗೆ ಕೇಳಿಸ್ತದೆ, ನನ್ನ ಮಾತು ಅವರಿಗೆ ಕೇಳಿಸ್ತಿಲ್ಲ.” ಆ ಯಂತ್ರದಲ್ಲಿ ಹೆಡ್‌ಫೋನಿಗೂ ಮೈಕಿಗೂ ಸೇರಿ ಇರುವುದು ಒಂದೇ ಕಿಂಡಿ. ಇಂಥ ತೊಂದರೆ ಲಿನಕ್ಸ್ ಬಳಸುವ ಅನೇಕರಿಗೆ ಎದುರಾಗುವುದರಿಂದ, ಅದನ್ನು ಸರಿಪಡಿಸಿದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಹೆಡ್‌ಸೆಟ್ಟಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಬೇಕು. 3.5 ಮಿಲಿಮೀಟರಿನ ಆ ಲೋಹದ ಕಡ್ಡಿಯ ಮೇಲೆ ಎರಡೇ ಕಪ್ಪು ಗೆರೆಗಳಿದ್ದರೆ ಅದರಲ್ಲಿ ಮೈಕಿನ ತಂತಿಯೇ ಇಲ್ಲ. ಮೂರು ಗೆರೆಗಳಿದ್ದರೆ ಎಡ, ಬಲ, ಗ್ರೌಂಡ್, ಮೈಕ್ ಎಂಬ ನಾಲ್ಕು ಭಾಗಗಳಿವೆ ಎಂದರ್ಥ. ಕೊನೆಯ ಎರಡು ಭಾಗಗಳ ಜೋಡಣೆಯಲ್ಲಿ ಸಿಟಿಐಎ, ಓಎಂಟಿಪಿ ಎಂಬ ಎರಡು ಪದ್ಧತಿಗಳಿದ್ದು, ಒಂದರಲ್ಲಿ ಗ್ರೌಂಡ್ ಇರುವ ಜಾಗದಲ್ಲಿ ಇನ್ನೊಂದರಲ್ಲಿ ಮೈಕ್ ಇರುತ್ತದೆ. ಹಾಡು ಬಾವಿಯೊಳಗಿಂದ ಬಂದಂತೆ ಕೇಳಿಸಿ, ತಂತಿಯ ಮೇಲಿನ ಗುಂಡಿ ಒತ್ತಿ ಹಿಡಿದಾಗ ಮಾತ್ರ ಸರಿಹೋದರೆ ದೋಷ ಈ ಜೋಡಣೆಯದು. ಅದಕ್ಕೆ ಸಣ್ಣದೊಂದು ಅಡಾಪ್ಟರ್ ಸಾಕು, ತಂತ್ರಾಂಶವನ್ನು ಮುಟ್ಟಬೇಕಿಲ್ಲ.

ಆಮೇಲೆ ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಧ್ವನಿಯ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಜವಾದ ಧ್ವನಿ ಕಾರ್ಡನ್ನು ಆರಿಸಿ, ಎಫ್4 ಒತ್ತಿ ಧ್ವನಿ ಒಳಬರುವ ಕ್ಯಾಪ್ಚರ್ ಪುಟಕ್ಕೆ ಹೋಗಬೇಕು. ಅಲ್ಲಿ ಕ್ಯಾಪ್ಚರ್ ಮುಚ್ಚಿದ್ದರೆ ಸ್ಪೇಸ್ ಕೀ ಒತ್ತಿದರೆ ತೆರೆದುಕೊಳ್ಳುತ್ತದೆ.

ಇಷ್ಟಾದರೂ ಹೊರಗಿನ ಮೈಕಿನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಕೊಡೆಕ್‌ನ, ಎಂದರೆ ಧ್ವನಿಯನ್ನು ಅಂಕಿಗಳಾಗಿಯೂ ಅಂಕಿಗಳನ್ನು ಧ್ವನಿಯಾಗಿಯೂ ಬದಲಿಸುವ ಚಿಪ್ಪಿನ ಕಡೆಗೆ ತಿರುಗಬೇಕು. ಇಂಟೆಲ್ 2004ರಲ್ಲಿ ತಂದ ಎಚ್‌ಡಿ ಆಡಿಯೊ ಪದ್ಧತಿಯಲ್ಲಿ ಕೊಡೆಕ್ ಚಿಪ್ಪಿನ ಪ್ರತಿಯೊಂದು ಪಿನ್ನಿಗೂ (ತಂತಿ ಸೇರುವ ಕಾಲಿಗೂ) 32 ಬಿಟ್ಟಿನ ಒಂದು ವಿವರಣೆ ಇರುತ್ತದೆ: ಅದಕ್ಕೆ ತಂತಿ ಸೇರಿದೆಯೇ, ಅದು ಯಂತ್ರದ ಯಾವ ಬದಿಯಲ್ಲಿದೆ, ಸ್ಪೀಕರೋ ಮೈಕೋ, ಕಿಂಡಿಯ ಬಣ್ಣ ಯಾವುದು ಎಂಬುದೆಲ್ಲ ಅದರಲ್ಲಿ ಅಡಗಿದೆ. ಇದನ್ನು ಬರೆಯುವುದು ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಬಯಾಸ್ ತಂತ್ರಾಂಶ. ಧ್ವನಿ ಚಿಪ್ಪನ್ನು ನಡೆಸುವ ಚಾಲಕ ತಂತ್ರಾಂಶ (ಡ್ರೈವರ್) ಅದನ್ನು ನಂಬಿ ನಡೆಯುತ್ತದೆ. ತಯಾರಕರು ವಿಂಡೋಸಿಗೆ ತಮ್ಮದೇ ಚಾಲಕವನ್ನು ಕೊಟ್ಟು ಕೈತೊಳೆದುಕೊಂಡು, ಈ ವಿವರಣೆಯನ್ನು ಅರ್ಧಕ್ಕೆ ಬಿಟ್ಟಿರುವುದುಂಟು. ನಮ್ಮ ಯಂತ್ರದ ರಿಯಲ್‌ಟೆಕ್ ಕೊಡೆಕ್‌ನಲ್ಲಿ 0ಎಕ್ಸ್19 ಎಂಬ ಪಿನ್ನಿನ ಮುಂದೆ 411111ಎಫ್0 ಎಂದು ಬರೆದಿತ್ತು. ಮೊದಲ ಅಂಕಿ 4 ಇದ್ದರೆ “ಇಲ್ಲಿಗೆ ಯಾವ ತಂತಿಯೂ ಬಂದಿಲ್ಲ” ಎಂದರ್ಥ. ವಾಸ್ತವದಲ್ಲಿ ಹೆಡ್‌ಸೆಟ್ ಮೈಕಿನ ತಂತಿ ಬಂದು ಸೇರಿದ್ದು ಅಲ್ಲಿಗೇ.

ಈ ವಿವರಣೆಯನ್ನು ತಿದ್ದಲು ಆಲ್ಸಾ ಟೂಲ್ಸ್ ಗೂಯಿ ಎಂಬ ಪ್ಯಾಕೇಜಿನಲ್ಲಿ ಬರುವ ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಉಪಕರಣವನ್ನು ಬಳಸಬಹುದು. ತೆರೆದ ಕೂಡಲೇ ಮೇಲ್ಗಡೆ ಕೊಡೆಕ್ ಆರಿಸಬೇಕು. ಎಚ್‌ಡಿಎಂಐಗೆ ಸೇರಿದ ಕೊಡೆಕ್ಕೂ ಅದೇ ಪಟ್ಟಿಯಲ್ಲಿರುವುದರಿಂದ ಎಚ್ಚರವಿರಲಿ. ‘ಶೋ ಅನ್‌ಕನೆಕ್ಟೆಡ್ ಪಿನ್ಸ್’ ಗುರುತು ಹಾಕಿದರೆ ಬಯಾಸ್ ಮರೆಮಾಡಿದ ಪಿನ್ನುಗಳೂ ಕಾಣಿಸಿಕೊಳ್ಳುತ್ತವೆ. ಯಾವುದನ್ನೂ ಬದಲಿಸುವ ಮೊದಲು ಆ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ಕ್ಷೇಮ. ಬಳಿಕ ಅನುಮಾನವಿರುವ ಪಿನ್ನಿನ ಎದುರು ‘ಓವರ್‌ರೈಡ್’ ಗುರುತು ಹಾಕಿ ಮೈಕ್ರೊಫೋನ್ ಎಂದು ಆರಿಸಬೇಕು. ಒಂದು ಸಲಕ್ಕೆ ಒಂದೇ ಪಿನ್ ಬದಲಿಸಿ. ಆತುರಕ್ಕೆ ನಾನು ಮೂರನ್ನು ಒಟ್ಟಿಗೆ ಬದಲಿಸಿ, ಸ್ಪೀಕರನ್ನೂ ಮೂಕವಾಗಿಸಿಕೊಂಡು ಅರ್ಧ ದಿನ ಕಳೆದಿದ್ದೇನೆ.

ಒಂದೇ ಕಿಂಡಿಯ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏನಾದರೂ ಚುಚ್ಚಿದೆಯೇ ಎಂದು ಪತ್ತೆಹಚ್ಚುವ ವ್ಯವಸ್ಥೆ ಹೆಡ್‌ಫೋನ್ ಪಿನ್ನಿಗಷ್ಟೇ ಇದ್ದು, ಮೈಕ್ ಪಿನ್ನಿಗೆ ಇಲ್ಲದಿರಬಹುದು. ಆಗ ಮೈಕ್ ಎಂದು ಗುರುತಿಸಿದರೂ ಚಾಲಕವು ಅದನ್ನು ಸದಾ ಖಾಲಿ ಎಂದೇ ಭಾವಿಸುತ್ತದೆ. ‘ಅಡ್ವಾನ್ಸ್ಡ್ ಓವರ್‌ರೈಡ್’ ತೆರೆದು, ಜ್ಯಾಕ್ ಡಿಟೆಕ್ಷನ್ ಎಂಬಲ್ಲಿ ‘ನಾಟ್ ಪ್ರೆಸೆಂಟ್’ ಆರಿಸಿದರೆ ಮೈಕ್ ಯಾವಾಗಲೂ ಪಟ್ಟಿಯಲ್ಲಿರುತ್ತದೆ. ಹೆಡ್‌ಸೆಟ್ ಹಾಕಿದಾಗ ಧ್ವನಿ ಸೆಟ್ಟಿಂಗಿನಲ್ಲಿ ಅದನ್ನು ಕೈಯಾರೆ ಆರಿಸಿಕೊಳ್ಳಬೇಕಷ್ಟೆ. ನಮ್ಮ ತೊಡಕು ಬಿಡಿಸಿದ್ದು ಈ ಒಂದು ಆಯ್ಕೆ.

‘ಅಪ್ಲೈ ನೌ’ ಒತ್ತಿದಾಗ ಧ್ವನಿ ಸೇವೆಯು ಕಾರ್ಡನ್ನು ಹಿಡಿದುಕೊಂಡಿದ್ದರೆ ದೋಷದ ಸೂಚನೆ ಬರುತ್ತದೆ. ಅದರೊಡನೆ ಗುದ್ದಾಡುವ ಬದಲು ‘ಇನ್‌ಸ್ಟಾಲ್ ಬೂಟ್ ಓವರ್‌ರೈಡ್’ ಒತ್ತಿ, ಪಾಸ್‌ವರ್ಡ್ ಕೊಟ್ಟು, ಯಂತ್ರವನ್ನು ಮತ್ತೆ ಶುರುಮಾಡುವುದೇ ಸುಲಭ. ಎಡವಟ್ಟಾದರೆ ‘ರಿಮೂವ್ ಬೂಟ್ ಓವರ್‌ರೈಡ್’ ಒತ್ತಿ ಮತ್ತೊಮ್ಮೆ ಶುರುಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಬಯಾಸಿನ ಮೂಲ ಬರಹ ಅಳಿಸಿರುವುದಿಲ್ಲ.

ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಪರದೆಯ ಅಂಚಿನ ಒಳಮೈಕುಗಳು ಕೊಡೆಕ್ಕಿಗೆ ಸೇರದೆ ನೇರವಾಗಿ ಇಂಟೆಲ್ ಡಿಎಸ್‌ಪಿ ಎಂಬ ಧ್ವನಿ ಸಂಸ್ಕಾರಕಕ್ಕೆ ಸೇರಿರುತ್ತವೆ. ಅಂಥವು ಕೇಳಿಸದಿದ್ದರೆ ಪಿನ್ ತಿದ್ದಿ ಪ್ರಯೋಜನವಿಲ್ಲ; ಆ ಡಿಎಸ್‌ಪಿಯನ್ನು ನಡೆಸುವ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಇದೆಯೇ ಎಂದು ನೋಡಬೇಕು.

ಕೊನೆಗೆ ಹತ್ತು ಸೆಕೆಂಡು ಮಾತನಾಡಿ ಧ್ವನಿಮುದ್ರಿಸಿ, ಅದನ್ನೇ ಕೇಳಿ ಮೈಕ್ ಬೂಸ್ಟ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಹೊಂದಿಸಬೇಕು. ನಾನು ಅದನ್ನು 30 ಡೆಸಿಬೆಲ್‌ಗೆ ಏರಿಸಿದ್ದರಿಂದ ಅಕ್ಕನ ಮನೆಯ ಮುಂದೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಸದ್ದೆಲ್ಲ ಪಾಠದೊಳಗೆ ನುಗ್ಗಿತ್ತು. 10 ಡೆಸಿಬೆಲ್‌ಗೆ ಇಳಿಸಿ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡ ಮೇಲೆ ಮಕ್ಕಳಿಗೆ ಅವಳ ಮಾತಷ್ಟೇ ಕೇಳತೊಡಗಿತು.