ಮೈಸೂರು ಎತ್ತು ಮೇಜಿಗೆ ಬಂದ ಬಗೆ: ನನ್ನ ಅನುಭವ

ಮೂರನೇ ಮೈಸೂರು ಯುದ್ಧವನ್ನು ಸಣ್ಣ ಗೊಂಬೆಗಳಿಟ್ಟು ಮೇಜಿನ ಮೇಲೆ ಆಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಸಿಪಾಯಿ, ಸವಾರ, ಫಿರಂಗಿ ಕೂಡಿಹಾಕುತ್ತಾರೆ. ನಾನು ಮೊದಲು ಹುಡುಕಿದ್ದು ಎತ್ತು. 1791ರ ಮೇ ತಿಂಗಳ ಕಥೆ ಓದಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಆ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೇ ಹೊತ್ತಿಗೆ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದಿದ್ದ. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಮೇಲುಗೈಯೂ ಅವನದೇ. ಆದರೆ ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಮೇವು ಸುಟ್ಟಿದ್ದರು, ಮಳೆ ಹಿಡಿದಿತ್ತು, ದನಗಳಿಗೆ ರೋಗ ತಗುಲಿತ್ತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ತಂದಿದ್ದ ಭಾರೀ ಫಿರಂಗಿಗಳನ್ನು ಕಣ್ಣಂಬಾಡಿಯ ಕಡೆ ತಾನೇ ನಾಶಮಾಡಿ ಅವನು ಹಿಂದಿರುಗಬೇಕಾಯಿತು. ಯುದ್ಧ ಮುಂದಿನ ವರ್ಷಕ್ಕೆ ಹೋದದ್ದು ಎತ್ತಿಲ್ಲದೆ. ಇದನ್ನು ಆಡಿ ತೋರಿಸುವ ಮೇಜಿನ ಮೇಲೆ ಎತ್ತುಗಳು ಅಂಚಿನ ಅಲಂಕಾರವಾಗಿ ನಿಂತರೆ ಆಟ ಸುಳ್ಳಾಗುತ್ತದೆ.

ವಾರ್‌ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಸಣ್ಣ ಗೊಂಬೆಗಳು, ಅಳತೆಪಟ್ಟಿ, ದಾಳ ಮತ್ತು ಒಂದಿಷ್ಟು ನಿಯಮ ಇಟ್ಟುಕೊಂಡು ನಡೆದುಹೋದ ಕಾಳಗವನ್ನು ಮತ್ತೆ ಆಡುವ ಹವ್ಯಾಸ ಇದು. ನನ್ನ ಗೊಂಬೆಗಳೆಲ್ಲ 1/72 ಅಳತೆಯವು. ನಿಂತ ಮನುಷ್ಯ ಹೆಚ್ಚುಕಡಿಮೆ 24 ಮಿಲಿಮೀಟರ್. ಈ ಅಳತೆಯಲ್ಲಿ ಯುರೋಪಿನ ಸೈನ್ಯಗಳು ಧಾರಾಳವಾಗಿ ಸಿಗುತ್ತವೆ. ಮೈಸೂರಿನ ಎತ್ತು ಸಿಗುವುದಿಲ್ಲ.

ಪರದೇಶದ ಹಸು ಗೊಂಬೆಗೂ ನಮ್ಮ ಎತ್ತಿಗೂ ಇರುವ ವ್ಯತ್ಯಾಸ ಡುಬ್ಬ ಒಂದೇ ಅಂದುಕೊಳ್ಳುವವರು ಬಹಳ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಹಳ್ಳಿಕಾರ್ ಜೋಡಿಗಳ ಮುಂದೆ ನಿಂತರೆ ಬೇರೆಯದೇ ಕಾಣುತ್ತದೆ. ನಾನು ಒಂದು ಜೋಡಿಯ ತಲೆಯನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆಯುತ್ತಿದ್ದೆ. ಎತ್ತಿನ ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಏನ್ ಸ್ವಾಮಿ, ಹಲ್ಲು ನೋಡ್ಲಿಲ್ಲ, ಕಾಲು ನೋಡ್ಲಿಲ್ಲ, ಬರೀ ಕೊಂಬೇ ನೋಡ್ತಾ ಇದ್ದೀರಲ್ಲ?"

ಬೊಂಬೆ ಮಾಡಬೇಕು ಯಜಮಾನ್ರೇ, ಅದಕ್ಕೆ ಅಂದೆ. ಅವರು ಎತ್ತಿನ ತಲೆ ಬಗ್ಗಿಸಿ ನನ್ನ ಬೆರಳು ಹಿಡಿದು ನೆತ್ತಿಯ ಮೇಲೆ ಇಟ್ಟರು. "ಇಲ್ಲಿ ನೋಡಿ. ಕೊಂಬು ಪಕ್ಕದಿಂದ ಬರಾಕಿಲ್ಲ, ನೆತ್ತಿಯಿಂದ ಬರ್ತದೆ. ಎರಡರ ಮಧ್ಯೆ ನಿಮ್ಮ ಎರಡು ಬೆರಳು ಹಿಡಿಸಾಕಿಲ್ಲ." ಹೌದು, ಹಿಡಿಸಲಿಲ್ಲ. ಉಬ್ಬಿದ ಹಣೆ, ಅದರ ನಡುವೆ ಮೇಲಿಂದ ಕೆಳಗೆ ಒಂದು ಸಣ್ಣ ಕಾಲುವೆ. ಒತ್ತೊತ್ತಾಗಿ ಹುಟ್ಟಿದ ಕೊಂಬು ಹಿಂದಕ್ಕೂ ಮೇಲಕ್ಕೂ ಹೋಗಿ ಕೊನೆಗೆ ತುದಿ ಒಳಕ್ಕೆ ವಾಲುತ್ತದೆ. ಅಮೃತಮಹಲ್ ತಳಿಗೂ ಇದೇ ಚಹರೆ. ಅದು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದಲೇ ಬೆಳೆದು ಬಂದದ್ದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ, ಹೈದರನ ಕಾಲಕ್ಕೆ ಸೈನ್ಯದ ಬೆನ್ನೆಲುಬಾಯಿತು. ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಇವತ್ತಿಗೂ ಅಜ್ಜಂಪುರದ ತಳಿ ಕೇಂದ್ರದಲ್ಲಿ ಆ ದನಗಳಿವೆ.

ಹುಡುಕಾಟಕ್ಕೆ ಬರುತ್ತೇನೆ. ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುವ ಪದ್ಧತಿ ಇರುವುದರಿಂದ ಆ ಕಾಲಕ್ಕೆ ಅಂಗಡಿಗಳಲ್ಲಿ ಮಣ್ಣಿನ ದನಗಳು ತುಂಬಿರುತ್ತವೆ. ಆದರೆ ಅವು ನಮ್ಮ ಅಳತೆಗೆ ದೊಡ್ಡವು, ಕೊಳಲಿನ ಕೃಷ್ಣನ ಪಕ್ಕದಲ್ಲಿ ಕತ್ತು ತಿರುಗಿಸಿ ನಿಂತ ಬಿಳಿ ಹಸುಗಳೇ ಹೆಚ್ಚು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಡಿಸೆಂಬರ್. ಬೆಂಗಳೂರಿನ ಶಿವಾಜಿನಗರದ ಸುತ್ತಮುತ್ತ ಕ್ರಿಸ್‌ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಗೊಂಬೆ ಸೆಟ್‌ಗಳನ್ನು ಮಾರುತ್ತಾರೆ. ಅದರಲ್ಲಿ ಕುರಿ, ಕತ್ತೆ, ಒಂಟೆ, ಕಾಲು ಮಡಚಿ ಮಲಗಿದ ಎತ್ತು ಎಲ್ಲವೂ ಇರುತ್ತವೆ. ಚಿಕ್ಕ ಸೆಟ್‌ಗಳ ಪ್ರಾಣಿಗಳು ನಮ್ಮ ಅಳತೆಗೆ ಹತ್ತಿರ ಬರುತ್ತವೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಬ್ಬ ಸಿಪಾಯಿಯನ್ನು ಇಟ್ಟುಕೊಂಡಿರುತ್ತೇನೆ. ಎತ್ತಿನ ಪಕ್ಕ ಅವನನ್ನು ನಿಲ್ಲಿಸಿದಾಗ ಬೆನ್ನು ಅವನ ಕಂಕುಳ ಮಟ್ಟಕ್ಕೆ ಬಂದರೆ ಸರಿ. ಪೆಟ್ಟಿಗೆಯ ಮೇಲೆ ಬರೆದ ಅಳತೆಗಿಂತ ಇದು ನಂಬಿಕೆಯ ಲೆಕ್ಕ.

ಆದರೂ ಎತ್ತಿನ ದೊಡ್ಡ ಸಾಲುಗಳಿಗೆ ನಾನು ಬಳಸುವುದು ಮಾಡೆಲ್ ರೈಲಿನವರಿಗಾಗಿ ಮಾಡುವ ಹಸುಗಳನ್ನು. ಅವು 1/76 ಮತ್ತು 1/87 ಅಳತೆಯಲ್ಲಿ ಬರುತ್ತವೆ. ನಮ್ಮದಕ್ಕಿಂತ ಚಿಕ್ಕ ಅಳತೆ, ಹೊಂದುವುದಿಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನಮ್ಮ ಎತ್ತಿನ ಎತ್ತರ ಸುಮಾರು 130 ಸೆಂಟಿಮೀಟರ್ ಎಂದಿಟ್ಟುಕೊಂಡರೆ 1/72ರಲ್ಲಿ 18 ಮಿಲಿಮೀಟರ್ ಬೇಕು. ಯುರೋಪಿನ ದೊಡ್ಡ ಹಸು 145 ಸೆಂಟಿಮೀಟರ್ ಇದ್ದರೆ 1/76ರಲ್ಲಿ 19, 1/87ರಲ್ಲಿ 16.7 ಮಿಲಿಮೀಟರ್. ಅಂದರೆ ಚಿಕ್ಕ ಅಳತೆಯ ದೊಡ್ಡ ಹಸು ನಮ್ಮ ಅಳತೆಯ ಮೈಸೂರು ಎತ್ತಾಗಿ ಸರಿಯಾಗಿ ಕೂರುತ್ತದೆ. ಕೆಚ್ಚಲು ಕೆತ್ತಿ ತೆಗೆಯಬೇಕು, ಹೊಟ್ಟೆ ಅರದಲ್ಲಿ ಉಜ್ಜಿ ಇಳಿಸಬೇಕು. ಮೈಸೂರು ಎತ್ತು ಓಟದ ಎತ್ತು, ಹೊಟ್ಟೆ ಬಿಗಿ, ಕಾಲು ಸಣ್ಣ.

ಡುಬ್ಬವಿರುವ ಗೊಂಬೆಗಳೂ ಸಿಗುತ್ತವೆ. ಈಗ ಮೂರು ಆಯಾಮದ ಪ್ರಿಂಟರ್ ಇದ್ದವರು ಮನೆಯಲ್ಲೇ ಅಚ್ಚು ಹಾಕಿಕೊಳ್ಳಬಹುದು. ಆದರೆ ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಬ್ರಾಹ್ಮನ್ ತಳಿಯನ್ನು ನೋಡಿ ಮಾಡಿದಂಥವು. ಜೋಲುವ ಉದ್ದ ಕಿವಿ, ಮಡಿಕೆ ಮಡಿಕೆಯಾದ ಭಾರೀ ಗಂಗೆದೊಗಲು, ಗಿಡ್ಡ ಕೊಂಬು. ಡುಬ್ಬ ಒಂದು ಬಿಟ್ಟು ಎಲ್ಲವನ್ನೂ ತಿದ್ದಬೇಕು. ಅದಕ್ಕಿಂತ ಡುಬ್ಬವಿಲ್ಲದ ಹಸುವಿಗೆ ಡುಬ್ಬ ಕೂರಿಸುವುದು ಸುಲಭ.

ಆ ಕೆಲಸಕ್ಕೆ ನನಗೆ ದಾರಿ ತೋರಿದ್ದು ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅವತ್ತು ಕೆರೆಮಣ್ಣಿನ ಎತ್ತು ಮಾಡುವ ಕೈ ಗಮನಿಸಿ. ಡುಬ್ಬವನ್ನು ಬೇರೆ ಉಂಡೆ ಮಾಡಿ ಅಂಟಿಸುವುದಿಲ್ಲ. ಹೆಗಲ ಮಣ್ಣನ್ನೇ ಎರಡು ಬೆರಳಲ್ಲಿ ಮೇಲಕ್ಕೆ ಚಿವುಟಿ ಎತ್ತುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ಹಸುವಿನ ಹೆಗಲನ್ನು ಬ್ಲೇಡಿನಿಂದ ಗೀರಿ ಒರಟು ಮಾಡಿ, ಸಾಸಿವೆಗಿಂತ ದೊಡ್ಡದು, ಜೋಳದ ಕಾಳಿಗಿಂತ ಚಿಕ್ಕದು ಅನ್ನುವಷ್ಟು ಎಂ-ಸೀಲ್ ಇಟ್ಟು, ಕತ್ತಿನ ಕಡೆಗೂ ಬೆನ್ನಿನ ಕಡೆಗೂ ಸವರಿ, ಆಮೇಲೆ ಚಿವುಟುತ್ತೇನೆ. ಆಗ ಡುಬ್ಬ ಮೈಯಿಂದಲೇ ಎದ್ದಂತೆ ಕಾಣುತ್ತದೆ. ಉಪಕರಣಕ್ಕೆ ನೀರು ಮುಟ್ಟಿಸುತ್ತಿದ್ದರೆ ಅಂಟುವುದಿಲ್ಲ. ಎಂ-ಸೀಲ್ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಮೂರ್ನಾಲ್ಕು ಎತ್ತಿಗಿಂತ ಹೆಚ್ಚು ಕಲಸಬಾರದು. ಗಂಗೆದೊಗಲಿಗೆ, ಹಣೆಯ ಉಬ್ಬಿಗೆ ಗೊಂಬೆ ತಿದ್ದುವವರು ಬಳಸುವ ಗ್ರೀನ್ ಸ್ಟಫ್ ಎಂಬ ಮೆತ್ತೆ ಒಳ್ಳೆಯದು. ಬೆಲೆ ಹೆಚ್ಚು, ಆದರೆ ಅದರ ಅಂಚು ತೆಳ್ಳಗೆ ನಿಲ್ಲುತ್ತದೆ. ಇನ್ನೊಂದು ಮಾತು. ಫಿರಂಗಿ ಎಳೆಯುವುದು ಬೀಜ ಒಡೆದ ಎತ್ತು, ಹೋರಿಯಲ್ಲ. ಹೋರಿಯ ಡುಬ್ಬ ತುಂಬಿ ನಿಂತಿರುತ್ತದೆ, ಎತ್ತಿನದು ತಗ್ಗು. ಎಲ್ಲ ಎತ್ತಿಗೂ ಹೋರಿಯ ಡುಬ್ಬ ಇಟ್ಟರೆ ದನ ಕಂಡವರ ಕಣ್ಣಿಗೆ ತಕ್ಷಣ ಹೊಡೆಯುತ್ತದೆ.

ಕೊಂಬಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲಿದ್ದ ಕೊಂಬನ್ನು ಬುಡಕ್ಕೆ ಕತ್ತರಿಸಿ, ಹಣೆಗೆ ಉಬ್ಬು ಕೊಟ್ಟು, ಅದು ಒಣಗಿದ ಮೇಲೆ ನೆತ್ತಿಯಲ್ಲಿ ಒತ್ತೊತ್ತಾಗಿ ಎರಡು ತೂತು ಕೊರೆಯಬೇಕು, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ನಲ್ಲಿ. ಕೊಂಬಿಗೆ ತಂತಿ ಬೇಡ. ತಂತಿ ಬುಡದಿಂದ ತುದಿಯವರೆಗೂ ಒಂದೇ ದಪ್ಪ ಇರುತ್ತದೆ, ಕೊಂಬು ಹಾಗಿರುವುದಿಲ್ಲ. ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಭಾಗಗಳನ್ನು ಹಿಡಿದಿರುವ ಕಡ್ಡಿ ಉಳಿಯುತ್ತದಲ್ಲ, ಅದನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ಮುಟ್ಟಿಸದೆ, ತಿರುಗಿಸುತ್ತ ಹಿಡಿಯಿರಿ. ಮೆತ್ತಗಾಗಿ ಹೊಳಪು ಬಂದ ಗಳಿಗೆಯಲ್ಲಿ ಹೊರತೆಗೆದು ಎರಡೂ ಕಡೆ ಎಳೆದರೆ ನಡುವೆ ಸಣ್ಣದಾಗುತ್ತ ಹೋಗುವ ಎಳೆ ಸಿಗುತ್ತದೆ. ಆ ಮೊನಚನ್ನು ಅರ ಹಾಕಿ ತರಲು ಆಗುವುದಿಲ್ಲ. 8 ಮಿಲಿಮೀಟರ್ ಕತ್ತರಿಸಿ, ಊದಿ ಆರಿಸಿದ ಊದುಬತ್ತಿಯ ಕೆಂಡದ ಹತ್ತಿರ ಒಂದು ಕ್ಷಣ ತಂದರೆ ತಾನಾಗಿ ಬಾಗುತ್ತದೆ. ಬುಡಕ್ಕೆ ಫೆವಿಕ್ವಿಕ್ ಮುಟ್ಟಿಸಿ ತೂತಿಗೆ ಇಳಿಸಿ, ಎದುರಿನಿಂದ ನೋಡುತ್ತ ಎರಡನ್ನೂ ಸಮ ಮಾಡಬೇಕು. ಈ ಎರಡು ಕೊಂಬು ನಿಂತ ಕೂಡಲೇ ಯಾವ ದೇಶದ್ದೋ ಹಸು ನಮ್ಮ ಕಡೆಯ ಎತ್ತಾಗುತ್ತದೆ. ಡುಬ್ಬಕ್ಕಿಂತ ಕೊಂಬೇ ಗುರುತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನೊಗಕ್ಕೂ ಮೂಕಿಗೂ ಊದುಬತ್ತಿಯ ಬಿದಿರುಕಡ್ಡಿ. ಹಗ್ಗಕ್ಕೆ ಹೊಲಿಗೆ ದಾರ, ಫೆವಿಕಾಲ್ ನೀರಿನಲ್ಲಿ ಅದ್ದಿ ಬೆರಳಲ್ಲಿ ಎಳೆದರೆ ಜುಂಗು ಕೂತುಬಿಡುತ್ತದೆ. ಮೂಗುದಾರ ಮರೆಯಬಾರದು. ಮೂಗುದಾರವಿಲ್ಲದ ಎತ್ತಿನ ಮುಂದೆ ಹಗ್ಗ ಹಿಡಿದು ನಿಂತವನಿಗೆ ಅರ್ಥವೇ ಇರುವುದಿಲ್ಲ.

ಬಣ್ಣದ ವಿಷಯ ಹೇಳಲೇಬೇಕು. ಅಂಗಡಿಯ ಗೊಂಬೆಗಳು ಕಲಿಸಿದ ಹಾಲುಬಿಳಿ ಇಲ್ಲಿ ಕೆಲಸಕ್ಕೆ ಬಾರದು. ಅಮೃತಮಹಲ್ ಬೂದಿಯ ಬಣ್ಣ. ಬಿಳಿಗೆ ಹತ್ತಿರದ ಬೂದಿಯಿಂದ ಕಪ್ಪಿಗೆ ಹತ್ತಿರದ ಬೂದಿಯವರೆಗೆ ಎಲ್ಲವೂ ಉಂಟು. ನಾನು ನಡುಬೂದು ಹಚ್ಚಿ, ತಲೆ, ಕತ್ತು, ಡುಬ್ಬ, ತೊಡೆಗಳಿಗೆ ಕಪ್ಪು ಬೆರೆಸಿ, ಪಕ್ಕೆಗಳ ಮೇಲೆ ಒಣ ಬ್ರಷ್ಷಿನಿಂದ ತಿಳಿಬೂದು ಸವರುತ್ತೇನೆ. ಮುಸುಡಿ, ಗೊರಸು, ಬಾಲದ ಕುಚ್ಚು ಕಪ್ಪು. ಕೆಲವಕ್ಕೆ ಮುಖದ ಮೇಲೂ ಗಂಗೆದೊಗಲಿನ ಮೇಲೂ ಬಿಳಿಬೂದಿಯ ಮಚ್ಚೆ. ಕೊಂಬಿನ ತುದಿ ಕಪ್ಪು. ಮೆದು ಪ್ಲಾಸ್ಟಿಕ್ಕಾದರೆ ಮೊದಲು ಸೋಪಿನ ನೀರಲ್ಲಿ ತೊಳೆದು ತೆಳು ಫೆವಿಕಾಲ್ ಒಂದು ಪದರ ಕೊಟ್ಟರೆ ಬಣ್ಣ ಉದುರುವುದಿಲ್ಲ.

ಲಂಬಾಣಿ ತಾಂಡಾಗಳ ಹೇರಿನ ಎತ್ತುಗಳಿಗೆ ಮಾತ್ರ ಈ ಶಿಸ್ತು ಬೇಡ. ಆ ಕಾಲದ ಸೈನ್ಯಗಳಿಗೆ ದವಸ ಮುಟ್ಟಿಸುತ್ತಿದ್ದವರು ಅವರು, ಯಾವ ಪಕ್ಷದ ಸೈನ್ಯವಾದರೂ ಸರಿ. ಊರೂರಿನ ದನ ಕೂಡಿದ ಹಿಂಡು ಅದು: ಕೆಂದ, ಬಿಳಿ, ಕಪ್ಪು, ಮಚ್ಚೆ, ಏನು ಬೇಕಾದರೂ ಇರಲಿ, ಕೊಂಬೂ ಒಂದೊಂದರದು ಒಂದೊಂದು ಥರ. ಬೆನ್ನಿನ ಎರಡೂ ಕಡೆ ಇಳಿಬಿದ್ದ ಜೋಡು ಗೋಣಿಯನ್ನು ಎಂ-ಸೀಲ್‌ನಲ್ಲಿ ಮಾಡಿ, ಹಸಿಯಿರುವಾಗಲೇ ಹಳೆಯ ಬನಿಯನ್ ಬಟ್ಟೆ ಒತ್ತಿದರೆ ನೇಯ್ಗೆಯ ಗುರುತು ಬೀಳುತ್ತದೆ. ಮುಂದಾಳು ಎತ್ತಿಗೆ ಕೊರಳಗಂಟೆ, ಬಣ್ಣದ ಬಟ್ಟೆ. ಹೀಗೆ ಮಾಡಿದರೆ ಮೇಜಿನ ಆ ತುದಿಯಿಂದಲೂ ಗೊತ್ತಾಗುತ್ತದೆ: ಬೂದು ಸಾಲು ಸರ್ಕಾರದ್ದು, ಬಣ್ಣಬಣ್ಣದ ಹಿಂಡು ತಾಂಡಾದ್ದು.

ಉಳಿದ ಪ್ರಾಣಿಗಳಿಗೆ ಇಷ್ಟು ಕಷ್ಟವಿಲ್ಲ. ಗೋದಲಿಯ ಕತ್ತೆ, ಒಂಟೆ ಹಾಗೆಯೇ ನಡೆಯುತ್ತವೆ. ಕುರಿಗಳ ದಪ್ಪ ಉಣ್ಣೆಯನ್ನು ಉಜ್ಜಿ ತೆಳು ಮಾಡಿ ಕಿವಿ ಜೋಲಿಸಬೇಕು. ಆನೆ ಸುಲಭವಾಗಿ ಸಿಗುತ್ತದೆ. ಅದನ್ನು ಅಂಬಾರಿ ಹೊರಿಸಿ ನಿಲ್ಲಿಸುವ ಬದಲು ಫಿರಂಗಿಯ ಹಿಂದೆ ಹಣೆಕೊಟ್ಟು ತಳ್ಳುವಂತೆ ಇಡಿ. ಘಟ್ಟ ಹತ್ತಿಸುವಾಗ ಅವುಗಳ ಕೆಲಸ ಅದೇ ಆಗಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಎತ್ತಿಗೆ ಆಟದಲ್ಲಿ ಬೆಲೆ ಇರಬೇಕು. ನಮ್ಮ ನಿಯಮದಲ್ಲಿ ಕೋಟೆ ಒಡೆಯುವ ಪ್ರತಿ ಫಿರಂಗಿಗೆ ನಾಲ್ಕು ಜೋಡಿ. ಮೇವು ಸಿಗದ ಪ್ರತಿ ಸರದಿಗೆ ದಾಳ ಹಾಕಬೇಕು. ಒಂದು, ಎರಡು ಬಿದ್ದರೆ ಒಂದು ಜೋಡಿ ಮೇಜಿನಿಂದ ಹೊರಗೆ. ಎರಡೇ ಜೋಡಿ ಉಳಿದರೆ ಅರ್ಧ ನಡೆ, ಒಂದಕ್ಕಿಳಿದರೆ ಫಿರಂಗಿ ನಿಂತಲ್ಲೇ. ಮೈಸೂರಿನ ಹಗುರ ಫಿರಂಗಿಗಳಿಗೆ ಅಮೃತಮಹಲ್ ಜೋಡಿಯಿದ್ದರೆ ನಡೆಯಲ್ಲಿ ಒಂದು ಗೇಣು ಹೆಚ್ಚು. ಈ ನಿಯಮ ಬಂದ ಮೇಲೆ ಟಿಪ್ಪುವಿನ ಕಡೆ ಆಡುವವರು ಸವಾರರನ್ನು ಕಾಲಾಳಿನ ಸಾಲಿಗೆ ನುಗ್ಗಿಸುವುದನ್ನು ಬಿಟ್ಟು ಹುಲ್ಲುಗಾವಲಿನ ಕಡೆ ಕಳಿಸತೊಡಗಿದರು. ಕಾರ್ನ್‌ವಾಲಿಸ್ ಕಡೆ ಆಡುತ್ತಿದ್ದ ಗೆಳೆಯ ಅರ್ಧ ಪಲ್ಟನನ್ನು ದನ ಕಾಯಲು ಹಾಕಿದ. "ನನಗೆ ಮರಾಠರು ಯಾವಾಗ ಬರ್ತಾರೆ ಹೇಳು ಮಾರಾಯ" ಎಂದು ಪ್ರತಿ ಸರದಿಗೂ ಕೇಳುತ್ತಿದ್ದ. ಆ ಯುದ್ಧದಲ್ಲಿ ಮರಾಠರು ಕಾರ್ನ್‌ವಾಲಿಸ್‌ನ ಕಡೆಯವರು. ಇತಿಹಾಸದಲ್ಲೂ ಮರಾಠ ಸರದಾರರಾದ ಹರಿಪಂತ, ಪರಶುರಾಮ ಭಾವು ಇವರ ದಂಡು ಬಂದು ಕೂಡಿಕೊಂಡದ್ದು ಫಿರಂಗಿಗಳು ನಾಶವಾದ ಮೇಲೆ. ಆ ದಂಡಿನ ಬಜಾರಿನಲ್ಲಿ ದವಸ ತುಂಬಿತ್ತು, ದರ ಮಾತ್ರ ದುಬಾರಿ.

ಈಗ ಆ ಬಜಾರನ್ನು ಕಟ್ಟುತ್ತಿದ್ದೇನೆ: ಮಲಗಿ ಮೆಲುಕು ಹಾಕುವ ಎತ್ತು, ಇಳಿಸಿಟ್ಟ ಗೋಣಿ, ಕಟ್ಟಿಹಾಕಿದ ಕತ್ತೆ. ಅದಾದ ಮೇಲೆ ಇಂಗ್ಲಿಷರಿಗೂ ಮರಾಠರಿಗೂ ನಡೆದ 1803ರ ಅಸ್ಸಾಯೆ ಕಾಳಗ. ಅಲ್ಲಿ ಇಂಗ್ಲಿಷ್ ಸೇನಾಪತಿ ವೆಲ್ಲೆಸ್ಲಿಯ ಫಿರಂಗಿ ಎತ್ತುಗಳು ಮರಾಠರ ಗುಂಡಿಗೆ ಸಾಲಾಗಿ ಉರುಳಿ, ಫಿರಂಗಿಗಳನ್ನು ಹಿಂದೆ ಬಿಟ್ಟೇ ಸೈನ್ಯ ಮುಂದೆ ಹೋಯಿತು. ಬಿದ್ದ ಎತ್ತುಗಳು ಬೇಕು. ಗೋದಲಿಯ ಮಲಗಿದ ಎತ್ತಿನ ಕತ್ತನ್ನು ಕತ್ತರಿಸಿ ನೆಲಕ್ಕೆ ಒರಗಿಸಿ, ಮಡಚಿದ ಮುಂಗಾಲನ್ನು ತೆಗೆದು ಚಾಚಿದ ಕಾಲು ಕೂರಿಸಿದರೆ ಆಗುತ್ತದೆ. ಒಂದನ್ನು ಮಾಡಿ ನೋಡಿದ್ದೇನೆ, ಕತ್ತಿನ ಬೆಸುಗೆ ಗಂಗೆದೊಗಲಿನ ಕೆಳಗೆ ಮುಚ್ಚಿಹೋಗುತ್ತದೆ. ಡಿಸೆಂಬರ್ ಬಂದರೆ ಉಳಿದವಕ್ಕೆ ಶಿವಾಜಿನಗರ.