ನಾಲ್ಕೂವರೆ ನಿಮಿಷದ ರೇಸು, ದಿನಗಟ್ಟಲೆ ನಡಿಗೆ

ಡೌನ್‌ಹಿಲ್ ರೇಸರ್ ಆಗಿದ್ದೆ ಅಂತ ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತು. "ಭಯ ಆಗ್ತಿರಲಿಲ್ವಾ?" ಆಗುತ್ತಿತ್ತು. ಆದರೆ ವಿಶ್ವಕಪ್ ಸರ್ಕ್ಯೂಟ್‌ನಲ್ಲಿದ್ದ ನಾಲ್ಕು ಸೀಸನ್ ನೆನೆದರೆ ಮೊದಲು ನೆನಪಾಗುವುದು ಭಯ ಅಲ್ಲ, ಮೀನಖಂಡದ ನೋವು. ಅಷ್ಟು ನಡೆದಿದ್ದೇನೆ. ಸೈಕಲ್ ರೇಸಿಗೆ ಹೋಗಿ ನಡೆಯುವುದೇನು ಅನ್ನಿಸಬಹುದು. ನನಗೂ ಎರಡು ಸೀಸನ್ ಹಾಗೇ ಅನ್ನಿಸಿತ್ತು. ಅದಕ್ಕೇ ಆ ಎರಡು ಸೀಸನ್ ಹಾಳಾದವು.

ಮೊದಲು ಆಟದ ಬಗ್ಗೆ ಎರಡು ಮಾತು. ಬೆಟ್ಟದ ಮೇಲಿಂದ ಒಬ್ಬೊಬ್ಬರೇ ಇಳಿಯಬೇಕು. ಕಲ್ಲು, ಬೇರು, ಕೆಸರು, ಜಂಪ್ ಎಲ್ಲ ದಾಟಿ ಯಾರು ಕಡಿಮೆ ಸಮಯದಲ್ಲಿ ಕೆಳಗೆ ಮುಟ್ಟುತ್ತಾರೋ ಅವರು ಗೆದ್ದರು. ಫೈನಲ್‌ನಲ್ಲಿ ಸಿಗುವುದು ಒಂದೇ ರನ್. ಬಿದ್ದರೆ ಮುಗಿಯಿತು. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಟ್ರ್ಯಾಕ್ ಸುಮಾರು 2.8 ಕಿಲೋಮೀಟರ್ ಉದ್ದ. ಅಷ್ಟರಲ್ಲಿ 550 ಮೀಟರ್‌ನಷ್ಟು ಕೆಳಗೆ ಬರುತ್ತೇವೆ. ಅಲ್ಲಿ ಗೆಲ್ಲುವವರಿಗೂ ನಾಲ್ಕೂವರೆ ನಿಮಿಷದ ಹತ್ತಿರ ಬೇಕು. ಸರ್ಕ್ಯೂಟ್‌ನ ಉದ್ದದ ಟ್ರ್ಯಾಕ್‌ಗಳಲ್ಲಿ ಅದೂ ಒಂದು.

ನಾನು ಪ್ರೈವೇಟಿಯರ್. ಅಂದರೆ ಫ್ಯಾಕ್ಟರಿ ಟೀಮ್ ಇಲ್ಲ, ಸಂಬಳ ಇಲ್ಲ. ಹಳೇ ವ್ಯಾನು, ಅದರೊಳಗೆ ಒಂದು ಸೈಕಲ್, ಒಂದು ಹಾಸಿಗೆ, ಟೈರುಗಳ ರಾಶಿ. ಒದ್ದೆಯಾದ ಮಂಡಿ ಪ್ಯಾಡ್ ಮತ್ತು ಟೈರಿನ ತೂತು ಮುಚ್ಚುವ ಸೀಲಂಟ್ ಸೇರಿ ಒಂದು ವಾಸನೆ ಬರುತ್ತದಲ್ಲ, ಅದು ತೊಳೆದರೂ ಹೋಗುವುದಿಲ್ಲ. ದೊಡ್ಡ ಟೀಮುಗಳ ಟೆಂಟಿನಲ್ಲಿ ರೈಡರ್ ಒಬ್ಬನಿಗೆ ಮೆಕ್ಯಾನಿಕ್ ಒಬ್ಬ, ಜೊತೆಗೆ ಫಿಸಿಯೋ, ಸಸ್ಪೆನ್ಶನ್ ನೋಡಲು ಬೇರೆಯವರು. ಅವರ ಸೈಕಲ್ ರಾತ್ರಿ ತಾನಾಗಿ ಸರಿಯಾಗಿ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ. ನನ್ನದು ನಾನು ಎದ್ದು ಸರಿಮಾಡಿದರೆ ಉಂಟು.

ಒಂದು ರಾತ್ರಿ ಮಳೆ ಹಿಡಿಯಿತು. ಬೆಳಿಗ್ಗೆ ಕ್ವಾಲಿಫೈಯಿಂಗ್, ಅಂದರೆ ಫೈನಲ್‌ಗೆ ಯಾರು ಹೋಗುತ್ತಾರೆ ಅಂತ ತೀರ್ಮಾನ ಆಗುವ ಸುತ್ತು. ಕೆಸರಿಗೆ ಹಾಕುವ ಸ್ಪೈಕ್ ಟೈರಿನ ಹಲ್ಲುಗಳು ಉದ್ದ. ಮೆತ್ತನೆ ಮಣ್ಣಿನಲ್ಲಿ ಚೆನ್ನಾಗಿ ಕಚ್ಚುತ್ತವೆ, ಆದರೆ ಕಲ್ಲಿನ ಮೇಲೆ ಬಂದ ಕೂಡಲೇ ಬಗ್ಗಿ ಜಾರುತ್ತವೆ. ಅದಕ್ಕೆ ಹಲ್ಲಿನ ತುದಿಯನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ. ಹಣೆಗೆ ಟಾರ್ಚ್ ಕಟ್ಟಿಕೊಂಡು ವ್ಯಾನಿನ ಬಾಗಿಲಲ್ಲಿ ಕೂತು ಕಟ್ಟರ್‌ನಿಂದ ಒಂದೊಂದೇ ಹಲ್ಲು ಕತ್ತರಿಸಿದೆ. ಮೊದಲ ಟೈರ್ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ. ಎರಡನೆಯದು ಮುಗಿದಾಗ ರಾತ್ರಿ ಒಂದು ಗಂಟೆ. ಬೆಳಿಗ್ಗೆ ಎದ್ದರೆ ಗಾಳಿ ಬೀಸಿ ಟ್ರ್ಯಾಕ್ ಅರ್ಧ ಒಣಗಿತ್ತು. ಸುಮ್ನೆ ಮಲಗಿದ್ದರೆ ಆಗುತ್ತಿತ್ತು.

ಅವತ್ತು ಕ್ವಾಲಿಫೈ ಆಗಲಿಲ್ಲ. ಟೈರಿನ ಮೇಲೆ ಸಿಟ್ಟು ಮಾಡಿಕೊಂಡೆ. ಆ ಹೊತ್ತಿಗೆ ಇಂಥದ್ದು ಎಷ್ಟೋ ಸಲ ಆಗಿತ್ತು. ಆಗ ಗಂಡಸರ ಫೈನಲ್‌ಗೆ 60 ಮಂದಿಗೆ ಜಾಗ ಇತ್ತು. ಈಗ 30 ಮಂದಿಗೆ ಮಾತ್ರ, ಆ ಲೆಕ್ಕದಲ್ಲಿ ನಮ್ಮ ಕಾಲ ಸುಲಭ. ಆದರೂ ನಾನು ಒಂದೋ ಒಂದೂವರೆ ಸೆಕೆಂಡಿನಲ್ಲಿ ಹೊರಗೆ ಉಳಿಯುತ್ತಿದ್ದೆ. ಕ್ವಾಲಿಫೈ ಆಗದಿದ್ದರೆ ಭಾನುವಾರ ಟೇಪಿನ ಹೊರಗೆ ಜನರ ಜೊತೆ ನಿಂತು ನೋಡುವುದು. ಇಲ್ಲ, ಎಲ್ಲ ಕಟ್ಟಿಕೊಂಡು ಮುಂದಿನ ಊರಿಗೆ ಗಾಡಿ ಓಡಿಸುವುದು. ನಾನು ಜಾಸ್ತಿ ಮಾಡಿದ್ದು ಎರಡನೆಯದನ್ನೇ. ನಾಚಿಕೆ.

ಎರಡನೇ ಸೀಸನ್ ಮುಗಿದ ಮೇಲೆ ನನ್ನ ಸ್ಪ್ಲಿಟ್ ಟೈಮ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಟ್ರ್ಯಾಕ್ ಉದ್ದಕ್ಕೂ ನಡುನಡುವೆ ಸಮಯ ದಾಖಲಾಗುತ್ತದೆ. ಕಲ್ಲುಗಳ ರಾಶಿಯಲ್ಲಿ, ಕಡಿದಾದ ಜಾಗದಲ್ಲಿ ನಾನು ಎಲ್ಲರಷ್ಟೇ ವೇಗ. ಕೆಲವು ಕಡೆ ಒಂಚೂರು ಮುಂದೆ. ಕಳೆದುಕೊಂಡದ್ದೆಲ್ಲ ಏನೂ ಇಲ್ಲದ ಜಾಗದಲ್ಲಿ. ಸಾದಾ ತಿರುವು, ಅದರ ಮುಂದೆ ಸ್ವಲ್ಪ ಸಮತಟ್ಟು, ಅಷ್ಟೇ.

ಟ್ರ್ಯಾಕ್ ವಾಕ್ ಅಂತ ಒಂದು ದಿನ ಇರುತ್ತದೆ. ಪ್ರಾಕ್ಟೀಸಿಗೆ ಮೊದಲು ಎಲ್ಲ ರೈಡರ್‌ಗಳೂ ಟ್ರ್ಯಾಕಿನಲ್ಲಿ ನಡೆದು ನೋಡುತ್ತಾರೆ. ಎರಡೂ ಬದಿಗೆ ಟೇಪ್ ಕಟ್ಟಿರುತ್ತದೆ. ಅದರ ನಡುವೆ ಎಲ್ಲಿ ಬೇಕಾದರೂ ಹೋಗಬಹುದು, ನಿಮ್ಮ ಲೈನ್, ಅಂದರೆ ಇಳಿಯುವ ದಾರಿ, ನಿಮ್ಮದು. ನಾನು ಏನು ಮಾಡುತ್ತಿದ್ದೆ? ದೊಡ್ಡ ಕಲ್ಲಿನ ಹತ್ತಿರ ಇಪ್ಪತ್ತು ನಿಮಿಷ ನಿಂತು ನಾಲ್ಕು ಜನರ ಜೊತೆ ಚರ್ಚೆ ಮಾಡುತ್ತಿದ್ದೆ. ಸಾದಾ ತಿರುವು ಬಂದರೆ ಫೋನ್ ನೋಡುತ್ತಾ ದಾಟಿಬಿಡುತ್ತಿದ್ದೆ.

ಇಟಲಿಯ ವಾಲ್ ಡಿ ಸೋಲೆ ಟ್ರ್ಯಾಕಿಗೆ 'ಬ್ಲಾಕ್ ಸ್ನೇಕ್' ಅಂತ ಹೆಸರು. ಬೇರು, ಧೂಳು, ಗುಂಡಿ, ಮೈ ಮುರಿಯುವ ಜಾಗ. 2008ರ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಆಸ್ಟ್ರೇಲಿಯಾದ ರೇಸರ್ ಸ್ಯಾಮ್ ಹಿಲ್ ಎಲ್ಲರಿಗಿಂತ ತುಂಬಾ ಮುಂದಿದ್ದ. ಆ ಭಯಂಕರ ಬೇರುಗಳಲ್ಲಿ ಏನೂ ಆಗಲಿಲ್ಲ. ಫಿನಿಶ್ ಹತ್ತಿರದ ಒಂದು ತಿರುವಿನಲ್ಲಿ ಜಾರಿ ಬಿದ್ದ. ಎದ್ದು ಬಂದರೂ ಮೂರನೇ ಸ್ಥಾನ. ಗೆದ್ದದ್ದು ಜೀ ಆಥರ್ಟನ್. ಅದರ ವಿಡಿಯೋ ನಾವೆಲ್ಲ ನೂರು ಸಲ ನೋಡಿದವರೇ. ನಾನು ನೋಡುತ್ತಿದ್ದದ್ದು ಮಾತ್ರ ಬೇರುಗಳ ಭಾಗವನ್ನು.

ಇನ್ನೊಂದು 2015ರ ಲಿಯೋಗಾಂಗ್. ಆಸ್ಟ್ರಿಯಾದ ಆ ಟ್ರ್ಯಾಕಿನಲ್ಲಿ ಅಮೆರಿಕದ ಆರಾನ್ ಗ್ವಿನ್ ಸ್ಟಾರ್ಟ್ ಗೇಟ್ ಬಿಡುತ್ತಿದ್ದಂತೆ ಚೈನ್ ತುಂಡಾಯಿತು. ಒಂದು ಪೆಡಲ್ ಕೂಡ ತುಳಿಯಲಾಗದೆ ಇಳಿದು ಬಂದು ಗೆದ್ದ. ಜನ ಇದನ್ನು ಪವಾಡ ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ತಿರುವಿಗೆ ಬಂದ ವೇಗವನ್ನು ಹೊರಗೂ ತೆಗೆದುಕೊಂಡು ಹೋದರೆ ಪೆಡಲ್ ತುಳಿಯುವ ಕೆಲಸವೇ ಕಡಿಮೆ ಅಲ್ವಾ? ನಾನು ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡಿದು, ಆಮೇಲೆ ಉಸಿರು ಬಿಟ್ಟುಕೊಂಡು ತುಳಿಯುತ್ತಿದ್ದೆ.

ಮೂರನೇ ಸೀಸನ್‌ನಿಂದ ನಡೆಯುವ ರೀತಿ ಬದಲಿಸಿದೆ. ಮೊದಲ ಸುತ್ತು ಎಲ್ಲರ ಜೊತೆ, ಮೇಲಿನಿಂದ ಕೆಳಗೆ. ಎರಡನೇ ಸುತ್ತು ಒಬ್ಬನೇ. ಪ್ರತಿ ತಿರುವಿನ ಕೊನೆಗೆ ಹೋಗಿ ನಿಂತು, ತಿರುಗಿ ಮೇಲಕ್ಕೆ ನೋಡುವುದು. ಕೆಳಗೆ ನಿಂತು ನೋಡಿದರೆ ಮೇಲಿನಿಂದ ಕಾಣದ ಲೈನ್‌ಗಳು ಕಾಣುತ್ತವೆ. ಒಳಬದಿಗೆ ಅಂಟಿಕೊಂಡು ಹೋಗುವ ದಾರಿ ಗಿಡ್ಡ, ಆದರೆ ಹೊರಗೆ ಬರುವಾಗ ಸೈಕಲ್ ನಿಂತೇ ಹೋಗಿರುತ್ತದೆ. ಅಗಲಕ್ಕೆ ಹೋದರೆ ನಾಲ್ಕು ಮೀಟರ್ ಜಾಸ್ತಿ, ಆದರೆ ಸೈಕಲ್ ಓಡುತ್ತಲೇ ಇರುತ್ತದೆ. ಯಾವುದು ಒಳ್ಳೆಯದು ಅನ್ನುವುದು ಮುಂದೆ ಏನಿದೆ ಅನ್ನುವುದರ ಮೇಲೆ. ಮುಂದೆ ಸಮತಟ್ಟು ಇದ್ದರೆ ನಾನು ಕಣ್ಣು ಮುಚ್ಚಿ ಅಗಲದ ಲೈನ್ ಹಿಡಿಯುತ್ತಿದ್ದೆ.

ಮೂರನೇ ನಡಿಗೆ ಪ್ರಾಕ್ಟೀಸ್ ಆದ ಮೇಲೆ ಸಂಜೆ. ಇದನ್ನು ತುಂಬಾ ಜನ ಬಿಡುತ್ತಾರೆ, ಸುಸ್ತಾಗಿರುತ್ತದೆ ಪಾಪ. ಆದರೆ ಬೆಳಿಗ್ಗೆ ನೋಡಿದ ಟ್ರ್ಯಾಕ್ ಸಂಜೆಗೆ ಇರುವುದಿಲ್ಲ. ಅಷ್ಟೊಂದು ಸೈಕಲ್‌ಗಳು ಒಂದೇ ಜಾಗದಲ್ಲಿ ಬ್ರೇಕ್ ಹಿಡಿದರೆ ಅಲ್ಲಿ ಅಲೆಅಲೆಯಾಗಿ ಗುಂಡಿ ಬೀಳುತ್ತದೆ. ತಿರುವಿನ ಒಳಗೆ ಚಕ್ರ ಹೂತುಹೋಗುವಷ್ಟು ಆಳದ ಕೊರಕಲು. ಒಮ್ಮೆ ಕೈ ಇಟ್ಟು ನೋಡಿದೆ, ಮೊಣಕೈ ತನಕ ಒಳಗೆ ಹೋಯಿತು. ಬೆಳಿಗ್ಗೆ ಅದು ಹುಲ್ಲಿನ ಜಾಗ.

ಬ್ರೇಕ್ ಕಡಿಮೆ ಹಿಡಿಯುವುದರಿಂದ ಇನ್ನೊಂದು ಲಾಭ ಆಯಿತು. ಫೋರ್ಟ್ ವಿಲಿಯಂನ ಮೇಲಿನ ಅರ್ಧ ಬರೀ ಕಲ್ಲು. ಅದರ ಕುಲುಕಾಟಕ್ಕೆ ಮುಂಗೈ ಊದಿ ಗಟ್ಟಿಯಾಗುತ್ತದೆ, ಬೆರಳು ಮಾತು ಕೇಳುವುದಿಲ್ಲ. ನಾವು ಆರ್ಮ್ ಪಂಪ್ ಅನ್ನುತ್ತೇವೆ. ಅದಕ್ಕೆ ಜಿಮ್‌ನಲ್ಲಿ ಏನೇನೋ ಮಾಡಿದೆ. ಕೊನೆಗೆ ಸಹಾಯಕ್ಕೆ ಬಂದದ್ದು ಮೂರು ವಿಷಯ: ಬ್ರೇಕ್ ಲಿವರ್ ಬೆರಳಿಗೆ ಇನ್ನೂ ಹತ್ತಿರ ತಂದದ್ದು, ಮುಂದಿನ ಸಸ್ಪೆನ್ಶನ್ ಸ್ವಲ್ಪ ಮೆತ್ತಗೆ ಮಾಡಿದ್ದು, ಸುಮ್ಮಸುಮ್ಮನೆ ಬ್ರೇಕ್ ಎಳೆಯುವುದನ್ನು ಬಿಟ್ಟದ್ದು. ಎಳೆದರೆ ಜೋರಾಗಿ ಒಮ್ಮೆ, ಆಮೇಲೆ ಪೂರ್ತಿ ಬಿಡು.

ಬಿದ್ದ ಕಥೆಗಳು ಬೇಕಾದಷ್ಟಿವೆ, ಒಂದನ್ನು ಮಾತ್ರ ಹೇಳುತ್ತೇನೆ. ಒಮ್ಮೆ ಪ್ರಾಕ್ಟೀಸಿನಲ್ಲಿ ತಲೆಗೆ ಪೆಟ್ಟಾಯಿತು. ತಲೆನೋವು ಯಾರಿಗೂ ಹೇಳದೆ ಮಾರನೇ ದಿನ ಮತ್ತೆ ಇಳಿದೆ. ಎರಡು ವಾರ ಬೆಳಕು ನೋಡಲಾಗಲಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ದಡ್ಡತನ ಅದು. ಕೈ ಮುರಿದರೆ ಎಲ್ಲರಿಗೂ ಕಾಣುತ್ತದೆ, ತಲೆಯದ್ದು ಕಾಣುವುದಿಲ್ಲ, ಅದಕ್ಕೇ ಮುಚ್ಚಿಡುತ್ತೇವೆ.

ಮೊದಲ ಸಲ ಕ್ವಾಲಿಫೈ ಆದದ್ದು ಆ ಮೂರನೇ ಸೀಸನ್‌ನಲ್ಲಿ, ಫೋರ್ಟ್ ವಿಲಿಯಂನಲ್ಲೇ. 57ನೇ ಜಾಗ. ಫೈನಲ್‌ನಲ್ಲಿ ಹಿಂದೆ ಇರುವವರು ಮೊದಲು ಇಳಿಯಬೇಕು, ಕ್ವಾಲಿಫೈಯಿಂಗ್ ಗೆದ್ದವರು ಕೊನೆಗೆ. ಹಾಗಾಗಿ ನನಗಿಂತ ಮುಂಚೆ ಹೋದವರು ಮೂರೇ ಜನ. ಗೊಂಡೋಲಾದಲ್ಲಿ ಮೇಲೆ ಹೋದೆ. ಗೇಟಿನಲ್ಲಿ ಬೀಪ್ ಶುರುವಾದಾಗ ನನ್ನ ಬಾಯಿ ಒಣಗಿತ್ತು. ತಲೆಯಲ್ಲಿ ದೊಡ್ಡ ಕಲ್ಲು ಒಂದೂ ಇರಲಿಲ್ಲ, ಕಾಡಿನ ಕೆಳಗಿನ ಒಂದು ಸಾದಾ ಎಡ ತಿರುವು ಮಾತ್ರ ಇತ್ತು. ಅಲ್ಲಿ ಅಗಲಕ್ಕೆ ಹೋದೆ, ಬ್ರೇಕ್ ಮುಟ್ಟಲಿಲ್ಲ. ಕೆಳಗಿನ ಜಂಪ್‌ಗಳು ತಾವಾಗಿ ಬಂದವು.

ಕೆಳಗೆ ಮುಟ್ಟಿದಾಗ ಬೋರ್ಡಿನಲ್ಲಿ ಹಸಿರು ಅಂಕಿ. ಒಬ್ಬರು ಬಂದು ಕೈ ಹಿಡಿದು ಹಾಟ್ ಸೀಟ್‌ಗೆ ಕರೆದುಕೊಂಡು ಹೋದರು. ಅಲ್ಲಿಯವರೆಗಿನ ಅತಿ ವೇಗದವರು ಕೂರುವ ಕುರ್ಚಿ ಅದು. ನಾಲ್ಕು ಜನರಲ್ಲಿ ಮೊದಲನೆಯವನು ನಾನು! ಕುರ್ಚಿ ಇನ್ನೂ ಮಳೆಗೆ ಒದ್ದೆ ಇತ್ತು. ಹೆಲ್ಮೆಟ್ ತೆಗೆದು ಕ್ಯಾಮೆರಾ ಕಡೆ ನೋಡಿ ಕೈ ಬೀಸುವಷ್ಟರಲ್ಲಿ ಮುಂದಿನವನು ಬಂದು ನನಗಿಂತ ಎರಡು ಸೆಕೆಂಡ್ ಬೇಗ ಇಳಿದಿದ್ದ. ಎದ್ದು ಜಾಗ ಬಿಟ್ಟುಕೊಟ್ಟೆ.