ಮಲೆನಾಡಿನ ಮನೆಗೆ ವಾರ್ಡ್‌ರೋಬ್ ಕೆಲಸ ಒಪ್ಪಿಕೊಳ್ಳುವ ಮುಂಚೆ

ಮನೆಯಿಂದಲೇ ಇಂಟೀರಿಯರ್ ಕೆಲಸ ಮಾಡುವವರು ಅಳತೆಗೆ ಒಂದಿಡೀ ಬೆಳಿಗ್ಗೆ ಮೀಸಲಿಡಿ. ಹಳೇ ಮಣ್ಣಿನ ಗೋಡೆ ನೇರ ಇರುವುದು ಅಪರೂಪ. ವಾರ್ಡ್‌ರೋಬ್ ಕೂರುವ ಜಾಗದ ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು, ಕಡಿಮೆ ಬಂದದ್ದರಲ್ಲಿ 20 ಮಿ.ಮೀ. ಕಳೆದು ವಾರ್ಡ್‌ರೋಬಿನ ಬಾಕ್ಸ್ ಮಾಡಿಸಿ. ಉಳಿದ ಸಂದಿಗೆ ಪಟ್ಟಿ ಹೊಡೆದರಾಯ್ತು.

ನಿಜವಾದ ಶತ್ರು ತೇವ. ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ 18 ಮಿ.ಮೀ. ಪ್ಲೈವುಡ್ಡೇ ಹಾಕಿ, ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ದಯವಿಟ್ಟು ಬೇಡ. ಬಾಕ್ಸ್ ಹಿಂದೆ ಒಂದಿಂಚು ಗಾಳಿಗೆ ಬಿಡಿ, ಕೆಳಗೆ 100 ಮಿ.ಮೀ. ಪಿವಿಸಿ ಕಾಲು ಕೊಡಿ. ದುಡ್ಡು ಉಳಿಸಲು ಕೆಲವರು ಬಾಗಿಲಿನ ಹೊರಮೈಗೆ ಮಾತ್ರ ಲ್ಯಾಮಿನೇಟ್ ಅಂಟಿಸುತ್ತಾರೆ. ಬರಿಮೈ ತೇವ ಹೀರಿ ಉಬ್ಬುತ್ತದೆ, ಇನ್ನೊಂದು ಮೈ ಉಬ್ಬುವುದಿಲ್ಲ, ಮಳೆಗಾಲದಲ್ಲಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಇದ್ದರೆ ಒಳಗೆ 0.8 ಮಿ.ಮೀ. ಆದರೂ ಇರಲಿ, ಕತ್ತರಿಸಿದ ಅಂಚಿಗೆಲ್ಲ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಬೇಕೇ ಬೇಕು.

ಏಳಡಿ ಬಾಗಿಲಿಗೆ ನಾಲ್ಕು ಹಿಂಜು. ಲೆಕ್ಕಕ್ಕಿಂತ ಒಂದೆರಡು ಜಾಸ್ತಿ ತರಿಸಿ; ಒಂದು ಕಡಿಮೆ ಬಿದ್ದರೂ ಪೇಟೆಗೆ ಹೋಗಿಬರುವಷ್ಟರಲ್ಲಿ ಬಡಗಿಯ ಒಂದು ದಿನದ ಕೂಲಿ ದಂಡ. ಸಾಗಾಟದ ಬಾಡಿಗೆಯನ್ನು ಕೊಟೇಶನ್ನಿನಲ್ಲಿ ಬೇರೆ ಸಾಲಿನಲ್ಲೇ ಬರೆಯಿರಿ.